ಗಡುವು ತಪ್ಪಿದರೆ ಕನ್ನಡ ತರಗತಿಯೇ ತಪ್ಪೀತು: ದಿನಾಂಕಗಳನ್ನು ಪಾಲಿಸುವ ಬಗೆ

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು. ನಾವು ಕೆಲಸ ಮಾಡುತ್ತಿದ್ದ ಕನ್ನಡ ಮಾಧ್ಯಮ ಶಾಲೆಯ ಕಚೇರಿಗೆ ಒಬ್ಬ ತಂದೆ ಮಗಳ ಕೈ ಹಿಡಿದುಕೊಂಡು ಬಂದರು. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಟಿ.ಸಿ. ಸಿಕ್ಕಿತು ಮಾಸ್ಟ್ರೆ, ಇನ್ನು ಮಗಳನ್ನು ಸೇರಿಸಬಹುದಲ್ಲ?" ಎಂದು ಸಂತೋಷದಿಂದ ಕೇಳಿದರು. ಸೇರಿಸಿಕೊಂಡೆವು. ಆದರೆ ಅಂದು ಶಾಲೆ ಆರಂಭವಾಗಿ ಎಂಟನೆಯ ಕೆಲಸದ ದಿನ. ಆರನೆಯ ದಿನದ ಎಣಿಕೆ ಮುಗಿದುಹೋಗಿತ್ತು. ಆ ತರಗತಿಯಲ್ಲಿ ಆಗ ಇದ್ದ ಮಕ್ಕಳು ಮೂವತ್ತು. ಎರಡನೆಯ ವಿಭಾಗಕ್ಕೆ ಬೇಕಾಗಿದ್ದ ಮೂವತ್ತೊಂದನೆಯ ಮಗು ಆಕೆಯೇ ಆಗಿದ್ದಳು.

ಆ ವರ್ಷ ವಿಭಾಗ ಹೋಯಿತು, ವಿಭಾಗದೊಂದಿಗೆ ಒಂದು ಅಧ್ಯಾಪಕ ಹುದ್ದೆಯೂ ಹೋಯಿತು. ಆ ತಂದೆಯ ತಪ್ಪೇನೂ ಇರಲಿಲ್ಲ. ವರ್ಗಾವಣೆ ಪತ್ರ ಕೈಗೆ ಬಾರದೆ ಮಗುವನ್ನು ಸೇರಿಸಲಾಗದೆಂದು ಅವರು ನಂಬಿದ್ದರು. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೇ ಸೆಕ್ಷನ್ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ: ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಇದು ನಮಗೆ ತಿಳಿದಿತ್ತು. ಆ ಕುಟುಂಬ ಊರಿಗೆ ಮರಳುತ್ತಿದೆಯೆಂಬ ಸುದ್ದಿಯೂ ಮೇ ತಿಂಗಳಲ್ಲಿಯೇ ನಮ್ಮ ಕಿವಿಗೆ ಬಿದ್ದಿತ್ತು. ಒಂದು ದೂರವಾಣಿ ಕರೆ ಮಾಡುವ ಕೆಲಸ ನಮ್ಮದಾಗಿತ್ತು, ಅದನ್ನು ನಾವು ನಾಳೆಗೆ ಬಿಟ್ಟೆವು. ಈ ಲೇಖನ ಆ ನಾಳೆಯ ಕುರಿತಾದದ್ದು.

ನಮ್ಮ ಗಡುವುಗಳು ಏಕೆ ಬೇರೆ?

ಕೆಲಸವನ್ನು ಹೊತ್ತಿಗೆ ಮುಗಿಸಬೇಕೆಂಬುದು ಎಲ್ಲರಿಗೂ ಸಲ್ಲುವ ಮಾತು. ಆದರೆ ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಒಂದು ದಿನಾಂಕ ತಪ್ಪಿದರೆ ಅದರ ಹೊಡೆತ ಒಬ್ಬ ವಿದ್ಯಾರ್ಥಿಯ ಮೇಲಷ್ಟೇ ಬೀಳುವುದಿಲ್ಲ. ನೂರಾರು ಮಕ್ಕಳಿರುವ ಶಾಲೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಯಾರಿಗೂ ತಿಳಿಯದು. ನಮ್ಮಲ್ಲಿ ಅನೇಕ ತರಗತಿಗಳು ಹತ್ತು, ಹದಿನೈದು, ಮೂವತ್ತು ಎಂಬ ಅಂಚಿನಲ್ಲಿಯೇ ನಿಂತಿವೆ. ಒಂದು ಹೆಸರಿನಿಂದ ಹುದ್ದೆ ಉಳಿಯುತ್ತದೆ, ಒಂದು ಹೆಸರಿನಿಂದ ಅಳಿಯುತ್ತದೆ. ಒಮ್ಮೆ ಹೋದ ಹುದ್ದೆ ಮುಂದೆ ಮರಳಿ ಬಂದರೂ, ಅದರಲ್ಲಿ ಕನ್ನಡ ಬಲ್ಲ ಅಧ್ಯಾಪಕರೇ ಬಂದು ಕೂರುವರೆಂಬ ಭರವಸೆಯಿಲ್ಲ. ಕನ್ನಡ ತಿಳಿಯದವರ ನೇಮಕಾತಿಯ ವಿರುದ್ಧ ಕಾಸರಗೋಡಿನ ಪೋಷಕರೂ ಮಕ್ಕಳೂ ಎಷ್ಟು ಬಾರಿ ಬೀದಿಗಿಳಿಯಬೇಕಾಯಿತೆಂಬುದು ಓದುಗರಿಗೆ ಗೊತ್ತೇ ಇದೆ.

ರಾಜ್ಯಕ್ಕೊಂದು ದಿನಾಂಕವಿದೆ. ಕೇರಳದಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯೇ ಹುದ್ದೆಗಳ ನಿರ್ಣಯಕ್ಕೆ ಆಧಾರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಬಂಧುಗಳಿಗೆ 'ಸಂಚಮಾನ್ಯತಾ' ಎಂಬ ಪದ ಚಿರಪರಿಚಿತ; ಅಲ್ಲಿ ಸೆಪ್ಟೆಂಬರ್ 30ರ ಪಟಸಂಖ್ಯೆ ಮುಖ್ಯವಾಗುತ್ತದೆ. ತಮಿಳುನಾಡಿನ ಹೊಸೂರು, ತಾಳವಾಡಿ ಭಾಗಗಳಲ್ಲಿ ಆಗಸ್ಟ್ 1ರ ಸಂಖ್ಯೆಯನ್ನು ನೋಡುತ್ತಾರೆ. ದಿನ ಯಾವುದಾದರೂ ಆಗಲಿ, ಆ ದಿನ ಮಗುವಿನ ಹೆಸರು, ಆಧಾರ್ ಸಂಖ್ಯೆ, ಹುಟ್ಟಿದ ದಿನಾಂಕಗಳು ಶಾಲೆಯ ಗಣಕಯಂತ್ರದಲ್ಲಿ ಸರಿಯಾಗಿ ನಮೂದಾಗಿರಬೇಕು. ಮಗು ತರಗತಿಯ ಬೆಂಚಿನ ಮೇಲೆ ಕುಳಿತಿದ್ದರೆ ಮಾತ್ರ ಸಾಲದು.

ತೋಟದಲ್ಲಿ ತಪ್ಪದವರು ಕಾಗದದಲ್ಲಿ ಏಕೆ ತಪ್ಪುತ್ತೇವೆ?

ನಮ್ಮ ಜನರಿಗೆ ಹೊತ್ತು ಪಾಲಿಸುವುದು ಬಾರದೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಅಡಿಕೆ ತೋಟವಿರುವ ಯಾವುದೇ ಮನೆಯನ್ನು ನೋಡಿ. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಮುಗಿಯಬೇಕು. ಸುಮಾರು 40-45 ದಿನಗಳ ಬಳಿಕ, ಮಳೆಯ ಬಿಡುವು ನೋಡಿ, ಎರಡನೆಯ ಸುತ್ತು ನಡೆಯಬೇಕು. ಆ ಮನೆಯವರು ಮಳೆಯ ಮೊದಲ ಹನಿ ಬಿದ್ದ ಮೇಲೆ ಮೈಲುತುತ್ತು ಕೊಳ್ಳಲು ಪೇಟೆಗೆ ಓಡುತ್ತಾರೆಯೇ? ಏಪ್ರಿಲ್ ತಿಂಗಳಲ್ಲಿಯೇ ಮರ ಹತ್ತುವವರಿಗೆ ಹೇಳಿಟ್ಟಿರುತ್ತಾರೆ. ಮೈಲುತುತ್ತು, ಸುಣ್ಣ ಬಂದಿರುತ್ತವೆ. ಪಂಪು ಕೆಟ್ಟಿದೆಯೇ ಎಂದು ನೋಡಿರುತ್ತಾರೆ. ಹೇಳಿಟ್ಟವರು ಬಾರದಿದ್ದರೆ ಯಾರನ್ನು ಕರೆಯಬೇಕೆಂಬುದೂ ಮನಸ್ಸಿನಲ್ಲಿರುತ್ತದೆ.

ಈ ಲೆಕ್ಕಾಚಾರವನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಮಳೆಯ ದಿನದಿಂದ ಹಿಂದಕ್ಕೆ ಎಣಿಸಿ, ಯಾವ ಕೆಲಸ ಯಾವಾಗ ಆಗಬೇಕೆಂದು ನಿಶ್ಚಯಿಸುವುದು ಅದರ ತಿರುಳು. ವಿದ್ಯಾರ್ಥಿವೇತನದ ಅರ್ಜಿಗೂ ಪ್ರವೇಶದ ಅರ್ಜಿಗೂ ಬೇಕಾದದ್ದು ಇದೇ ಲೆಕ್ಕ. ಆದರೆ ಕಾಗದದ ಕೆಲಸದಲ್ಲಿ ನಾವು ಕೊನೆಯ ದಿನಾಂಕವೊಂದನ್ನೇ ನೋಡುತ್ತೇವೆ, ಅದರ ಹಿಂದಿರುವ ದಿನಗಳನ್ನು ಕಾಣುವುದಿಲ್ಲ. ಹೀಗಾಗುವುದಕ್ಕೆ ನಾವು ಕಂಡುಕೊಂಡ ಕಾರಣಗಳು ನಾಲ್ಕು.

ಮೊದಲನೆಯದು, ಕೊನೆಯ ದಿನ ಎಂಬುದು ಒಬ್ಬರ ಕೊನೆಯ ದಿನ ಮಾತ್ರ. ಉದಾಹರಣೆಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ವಿದ್ಯಾರ್ಥಿ ಅರ್ಜಿ ಸಲ್ಲಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಶಾಲೆ ಪರಿಶೀಲಿಸಬೇಕು, ಅದರ ಮೇಲಿನ ಹಂತದಲ್ಲಿ ಮತ್ತೊಮ್ಮೆ ಪರಿಶೀಲನೆಯಾಗಬೇಕು. ದೋಷವಿರುವ ಅರ್ಜಿ ತಿದ್ದುಪಡಿಗಾಗಿ ಹಿಂದಿರುಗುತ್ತದೆ. ಕೊನೆಯ ರಾತ್ರಿ ಸಲ್ಲಿಸಿದವರಿಗೆ ತಿದ್ದಲು ಉಳಿಯುವ ಸಮಯ ತೀರ ಕಡಿಮೆ.

ಎರಡನೆಯದು, ದಾಖಲೆಗಳೊಳಗೆ ಅಡಗಿರುವ ಸಮಯ. ವರಮಾನ ಪ್ರಮಾಣಪತ್ರವನ್ನು ಅಕ್ಷಯ ಕೇಂದ್ರದಲ್ಲಿ ಅರ್ಧ ಗಂಟೆಯಲ್ಲಿ ಕೇಳಬಹುದು, ಆದರೆ ಅದು ವಿಲೇಜ್ ಆಫೀಸಿನಿಂದ ಸಹಿಯಾಗಿ ಬರಲು ದಿನಗಳು ಹಿಡಿಯುತ್ತವೆ. ಎಲ್ಲ ಶಾಲೆಗಳ ಮಕ್ಕಳೂ ಒಂದೇ ವಾರದಲ್ಲಿ ಕೇಳಿದರೆ ಇನ್ನೂ ಹೆಚ್ಚು ದಿನಗಳು ಬೇಕು.

ಮೂರನೆಯದು ನಮಗೆ ವಿಶೇಷವಾದದ್ದು: ಹೆಸರು. ನಮ್ಮ ಮಕ್ಕಳ ಹೆಸರು ಮೂರು ಲಿಪಿಗಳನ್ನು ದಾಟಿ ಬರುತ್ತದೆ. ಮನೆಯವರು ಕನ್ನಡದಲ್ಲಿ ಇಟ್ಟ ಹೆಸರು ಪಂಚಾಯಿತಿಯಲ್ಲಿ ಮಲಯಾಳದಲ್ಲಿ ದಾಖಲಾಗುತ್ತದೆ. ಆಧಾರ್‌ನಲ್ಲಿ ಇಂಗ್ಲಿಷಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಮತ್ತೊಬ್ಬರು ತಮಗೆ ಕೇಳಿಸಿದಂತೆ ಬರೆಯುತ್ತಾರೆ. 'ಚಂದ್ರಾವತಿ'ಯ ಕೊನೆಯ ಅಕ್ಷರಕ್ಕೆ ಒಂದು ಕಡೆ ಇಂಗ್ಲಿಷಿನ 'ಎಚ್' ಸೇರುತ್ತದೆ, ಇನ್ನೊಂದು ಕಡೆ ಸೇರುವುದಿಲ್ಲ. ತಂದೆಯ ಹೆಸರಿನ ಮೊದಲಕ್ಷರ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ನಿಲ್ಲುತ್ತದೆ. ಮನುಷ್ಯರ ಕಣ್ಣಿಗೆ ಇವೆಲ್ಲ ಒಬ್ಬಳೇ ಹುಡುಗಿ. ಯಂತ್ರದ ಕಣ್ಣಿಗೆ ಇಬ್ಬರು, ಮೂವರು. ಈ ದೋಷ ಬಹುತೇಕ ಕೊನೆಯ ವಾರದಲ್ಲಿಯೇ ಬೆಳಕಿಗೆ ಬರುತ್ತದೆ. ಆಗ ಅದನ್ನು ತಿದ್ದಲು ಸಮಯವಿರುವುದಿಲ್ಲ.

ನಾಲ್ಕನೆಯದು, ಭಾಷೆ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ಅದು ಕನ್ನಡದ ಮನೆಗೆ ಅರ್ಥವಾಗುವ ರೂಪದಲ್ಲಿ ತಲಪುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ವ್ಯವಹರಿಸುವ ಅವಕಾಶವನ್ನಿತ್ತಿದೆ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಸುತ್ತೋಲೆಗಳು ಕನ್ನಡದಲ್ಲಿ ಬರಲಿ ಎಂಬ ಬೇಡಿಕೆಯನ್ನು ನಾವು ಬಿಡುವುದಿಲ್ಲ. ಆದರೆ ಆ ಬೇಡಿಕೆ ಈಡೇರುವವರೆಗೆ ಯಾವ ಜಾಲತಾಣವೂ ನಮಗಾಗಿ ಒಂದು ದಿನ ಹೆಚ್ಚು ತೆರೆದಿರುವುದಿಲ್ಲ. ಆದುದರಿಂದ ಮನವಿ ಕೊಡುವ ಕೈಯೇ ಅರ್ಜಿಯನ್ನೂ ಹೊತ್ತಿಗೆ ತುಂಬಬೇಕಾಗಿದೆ.

ಹಿಂದಕ್ಕೆ ಎಣಿಸುವ ಲೆಕ್ಕ

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ರಾಷ್ಟ್ರೀಯ ಸಾಧನೆ ಮತ್ತು ಸಾಧನಸಹಿತ ವಿದ್ಯಾರ್ಥಿವೇತನ, ಅಂದರೆ ನಮ್ಮ ಮಕ್ಕಳು 'ಎನ್‌ಎಂಎಂಎಸ್' ಎಂದು ಕರೆಯುವ ಯೋಜನೆಯನ್ನು ತೆಗೆದುಕೊಳ್ಳೋಣ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ನಾಲ್ಕು ವರ್ಷಕ್ಕೆ 48,000 ರೂಪಾಯಿ. ಹೆತ್ತವರ ವಾರ್ಷಿಕ ವರಮಾನ 3.5 ಲಕ್ಷ ರೂಪಾಯಿಯನ್ನು ಮೀರಿರಬಾರದು. ಪರೀಕ್ಷೆಯಲ್ಲಿ ಆಯ್ಕೆಯಾದರೆ ಹಣ ತಾನಾಗಿ ಬರುವುದೆಂದು ಹಲವರು ತಿಳಿಯುತ್ತಾರೆ. ಆಯ್ಕೆಯಾದ ಬಳಿಕ ಜಾಲತಾಣದಲ್ಲಿ ಹೊಸ ಅರ್ಜಿ ಸಲ್ಲಿಸಬೇಕು. ಮುಂದಿನ ಪ್ರತಿ ವರ್ಷವೂ ನವೀಕರಿಸಬೇಕು. ಹತ್ತನೆಯ ತರಗತಿಯಲ್ಲಿ ಶೇಕಡ 60 ಅಂಕಗಳು ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 5ರ ರಿಯಾಯಿತಿಯಿದೆ. ಕಷ್ಟಪಟ್ಟು ಪರೀಕ್ಷೆಯಲ್ಲಿ ಗೆದ್ದ ಮಗು ನವೀಕರಣದ ದಿನಾಂಕದಲ್ಲಿ ಸೋತದ್ದನ್ನು ನಾವು ಕಂಡಿದ್ದೇವೆ. ಆ ಮಗುವಿನ ಮುಖವನ್ನು ನೋಡುವುದು ಸುಲಭವಾಗಿರಲಿಲ್ಲ.

ಅರ್ಜಿಗೆ ಅಕ್ಟೋಬರ್ 31 ಕೊನೆಯ ದಿನವೆಂದು ಭಾವಿಸೋಣ. ನಿಜವಾದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಎಣಿಸುವ ಕ್ರಮ ಬದಲಾಗುವುದಿಲ್ಲ.

- ಅಕ್ಟೋಬರ್ 15: ನಮ್ಮದೇ ಆದ ಕೊನೆಯ ದಿನ. ಇಂದು ಅರ್ಜಿ ಸಲ್ಲಿಕೆಯಾಗಿರಬೇಕು. ಉಳಿದ ಹದಿನಾರು ದಿನಗಳು ವಿದ್ಯುತ್ ಕೈಕೊಡುವುದಕ್ಕೆ, ಸರ್ವರ್ ನಿಧಾನವಾಗುವುದಕ್ಕೆ, ಮನೆಯಲ್ಲಿ ಜ್ವರ ಬರುವುದಕ್ಕೆ ಬಿಟ್ಟ ದಿನಗಳು.
- ಅಕ್ಟೋಬರ್ 10: ತುಂಬಿದ ಮಾಹಿತಿಯನ್ನು ಶಾಲೆಯ ಅಧ್ಯಾಪಕರೊಬ್ಬರು ಓದಿ ನೋಡಬೇಕು.
- ಸೆಪ್ಟೆಂಬರ್ 30: ವರಮಾನ ಪ್ರಮಾಣಪತ್ರ ಕೈಯಲ್ಲಿರಬೇಕು.
- ಸೆಪ್ಟೆಂಬರ್ 10: ಪ್ರಮಾಣಪತ್ರಕ್ಕೆ ಅರ್ಜಿ ಹೋಗಿರಬೇಕು. ಅದೇ ವಾರ ಬ್ಯಾಂಕಿಗೆ ಹೋಗಿ, ಮಗುವಿನ ಖಾತೆ ಚಾಲ್ತಿಯಲ್ಲಿದೆಯೇ, ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ಕೇಳಬೇಕು.
- ಆಗಸ್ಟ್ ಮೊದಲ ವಾರ: ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪುಸ್ತಕ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ವ್ಯತ್ಯಾಸವಿದ್ದರೆ ತಿದ್ದುಪಡಿ ಆಗಲೇ ಆರಂಭವಾಗಬೇಕು.

ಅಕ್ಟೋಬರ್ 31ಕ್ಕೆ ಮುಗಿಯಬೇಕಾದ ಕೆಲಸ ಆಗಸ್ಟ್ ಆರಂಭದಲ್ಲಿಯೇ ಶುರುವಾಗುತ್ತದೆ. ಎಲ್ಲವನ್ನೂ ಸೇರಿಸಿದರೆ ಎರಡು ಮೂರು ದಿನಗಳ ಓಡಾಟವಷ್ಟೆ. ಮೂರು ತಿಂಗಳಲ್ಲಿ ಹರಡಿದರೆ ಅದು ಯಾರ ಕೂಲಿಯನ್ನೂ ಕೆಡಿಸುವುದಿಲ್ಲ. ಕೊನೆಯ ಎರಡು ದಿನಗಳಿಗೆ ತುರುಕಿದರೆ ತಂದೆ ತಾಯಿ ಇಬ್ಬರೂ ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಆಧಾರ್ ಬಗ್ಗೆ ಇನ್ನೊಂದು ಮಾತು. ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ, ಹುಟ್ಟಿದ ದಿನಾಂಕವನ್ನು ಒಮ್ಮೆ ಮಾತ್ರ ತಿದ್ದಲು ಅವಕಾಶವಿದೆ. ಅವಸರದಲ್ಲಿ ತಪ್ಪಾಗಿ ತಿದ್ದಿಸಿದರೆ ಅವಕಾಶವೊಂದು ವ್ಯರ್ಥವಾಗುತ್ತದೆ. ಐದು ಮತ್ತು ಹದಿನೈದನೆಯ ವಯಸ್ಸಿನಲ್ಲಿ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತುಗಳನ್ನು ನವೀಕರಿಸಬೇಕೆಂಬುದನ್ನೂ ಮರೆಯಬಾರದು. ಹದಿನೈದೆಂದರೆ ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿರುವ ಕಾಲ. ಅದನ್ನು ಮಧ್ಯಾವಧಿ ರಜೆಯಲ್ಲಿ ಮುಗಿಸಿಕೊಂಡರೆ ಪರೀಕ್ಷೆಯ ಹೊತ್ತಿಗೆ ತಲೆನೋವಿರುವುದಿಲ್ಲ.

ಹತ್ತರ ನಂತರದ ಎರಡು ಬಾಗಿಲುಗಳು

ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಹೆಸರಿನ ಪಟ್ಟಿಯನ್ನು ತೋರಿಸಿ ಸಹಿ ಪಡೆಯುತ್ತಾರೆ. ಬಹಳ ಮಂದಿ ಓದದೆ ಸಹಿ ಹಾಕುತ್ತಾರೆ. ಆ ಪಟ್ಟಿಯಲ್ಲಿರುವುದೇ ಜೀವನಪೂರ್ತಿ ಉಳಿಯುವ ಪ್ರಮಾಣಪತ್ರಕ್ಕೆ ಇಳಿಯುತ್ತದೆ. ಅಲ್ಲಿ ಹತ್ತು ನಿಮಿಷ ನಿಂತು ಓದಬೇಕು.

ಪ್ಲಸ್ ವನ್ ಪ್ರವೇಶದ ಏಕಗವಾಕ್ಷಿ ಪದ್ಧತಿಯಲ್ಲಿ ಪ್ರತಿ ಹಂತಕ್ಕೂ ದಿನಾಂಕವಿದೆ. ಪ್ರಾಯೋಗಿಕ ಹಂಚಿಕೆಯನ್ನು ಅನೇಕರು ನೋಡುವುದೇ ಇಲ್ಲ. ತಪ್ಪುಗಳನ್ನು ತಿದ್ದಿಕೊಳ್ಳಲು ಇರುವ ಅವಕಾಶವೇ ಅದು. ಹಂಚಿಕೆಯಾದ ಸೀಟಿಗೆ ನಿಗದಿತ ಅವಧಿಯೊಳಗೆ ಹಾಜರಾಗದಿದ್ದರೆ ಮುಂದಿನ ಹಂಚಿಕೆಗಳಲ್ಲಿ ಹೆಸರಿರುವುದಿಲ್ಲ. ಇಷ್ಟವಾದ ಶಾಲೆ ಸಿಗಲಿಲ್ಲವೆಂದು ಮನೆಯಲ್ಲಿ ಕುಳಿತವರು ಎರಡನ್ನೂ ಕಳೆದುಕೊಂಡದ್ದಿದೆ.

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಮೊದಲಾದ ಕೋರ್ಸುಗಳಿಗೆ ಗಡಿನಾಡ ಕನ್ನಡಿಗರಿಗಿರುವ ಅವಕಾಶವೂ ಇಂಥದೇ. ಸಿಇಟಿ ಬರೆದರೆ ಸಾಲದು. ಅರ್ಜಿಯಲ್ಲಿಯೇ ಆ ವಿಭಾಗವನ್ನು ಸೂಚಿಸಬೇಕು, ನಿಗದಿತ ನಮೂನೆಯ ಪ್ರಮಾಣಪತ್ರಗಳನ್ನು ಹೊಂದಿರಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕವಾಗಿ ನಡೆಸುವ ಕನ್ನಡ ಭಾಷಾ ಪರೀಕ್ಷೆಗೆ ಹಾಜರಾಗಬೇಕು. ಹತ್ತು ವರ್ಷ ಕನ್ನಡದಲ್ಲಿಯೇ ಓದಿದ ಮಗು ಆ ಒಂದು ದಿನ ಹಾಜರಾಗದೆ ಕನ್ನಡಿಗರಿಗಿರುವ ಅವಕಾಶವನ್ನು ಕಳೆದುಕೊಳ್ಳಬೇಕೇ? ಹನ್ನೆರಡನೆಯ ತರಗತಿಗೆ ಸೇರಿದ ವರ್ಷದ ಡಿಸೆಂಬರ್ ಒಳಗೆ ಈ ಪ್ರಮಾಣಪತ್ರಗಳ ವಿಚಾರಣೆ ಆರಂಭವಾಗಲಿ.

ಮಾತು ಕೊಟ್ಟವರು ಯಾರು?

"ನಾವೆಲ್ಲ ಸೇರಿ ಮಾಡೋಣ" ಎಂದ ಕೆಲಸ ಅನೇಕ ಬಾರಿ ಯಾರೂ ಮಾಡದ ಕೆಲಸವಾಗುತ್ತದೆ. ತಂದೆ ಮಾಡುವರೆಂದು ತಾಯಿ, ತಾಯಿ ಮಾಡುವಳೆಂದು ತಂದೆ, ಶಾಲೆಯವರು ಮಾಡುವರೆಂದು ಇಬ್ಬರೂ ತಿಳಿದಿರುತ್ತಾರೆ. ಪ್ರತಿ ಕೆಲಸಕ್ಕೂ ಒಬ್ಬರ ಹೆಸರು, ಒಂದು ದಿನಾಂಕ ಇರಬೇಕು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಕೋಲ, ನೇಮ, ಮದುವೆಗಳ ದಿನಗಳನ್ನು ಗುರುತು ಮಾಡುವ ಜಾಗದಲ್ಲಿಯೇ ಬರೆಯಿರಿ. ಮೊಬೈಲಿನಲ್ಲಿಟ್ಟದ್ದು ಒಬ್ಬರಿಗೆ ಕಾಣುತ್ತದೆ, ಗೋಡೆಯಲ್ಲಿರುವುದು ಮನೆಯವರಿಗೆಲ್ಲ ಕಾಣುತ್ತದೆ.

ಕೆಲಸ ಹೊತ್ತಿಗೆ ಆಗುವುದಿಲ್ಲವೆಂದು ತಿಳಿದೊಡನೆ ಹೇಳಿಬಿಡಬೇಕು. ನಮ್ಮಲ್ಲಿ ಸಂಕೋಚ ಹೆಚ್ಚು. "ಪ್ರಮಾಣಪತ್ರ ಇನ್ನೂ ಸಿಗಲಿಲ್ಲ ಟೀಚರೇ" ಎಂದು ಹತ್ತು ದಿನ ಮೊದಲು ಬಂದು ಹೇಳುವ ತಾಯಿಗೆ ನಾವು ಏನಾದರೂ ಸಹಾಯ ಮಾಡಬಲ್ಲೆವು: ವಿಲೇಜ್ ಆಫೀಸಿಗೆ ಒಂದು ಮಾತು ಹೇಳಬಹುದು, ಜೊತೆಗೆ ಯಾರನ್ನಾದರೂ ಕಳುಹಿಸಬಹುದು. ಕೊನೆಯ ದಿನದ ಮರುದಿನ ಬಂದು ಹೇಳಿದರೆ ನಮ್ಮ ಕೈಯಲ್ಲಿ ಸಮಾಧಾನದ ಮಾತೊಂದೇ ಉಳಿದಿರುತ್ತದೆ.

ಸಲ್ಲಿಸಿದ ಬಳಿಕ ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಹತ್ತು ದಿನಗಳಿಗೊಮ್ಮೆ ಅರ್ಜಿಯ ಸ್ಥಿತಿಯನ್ನು ನೋಡಿ. 'ದೋಷವಿದೆ' ಎಂದು ಹಿಂದಿರುಗಿದ ಅರ್ಜಿಯನ್ನು ಯಾರೂ ತೆರೆದು ನೋಡದೆ ಕಳೆದುಹೋದ ಸಂದರ್ಭಗಳು ಕಡಿಮೆಯೇನಿಲ್ಲ.

ಶಾಲೆಯ ಹೊಣೆ

ಇಷ್ಟನ್ನೂ ಮನೆಗಳ ಮೇಲೆಯೇ ಹೊರಿಸಿದರೆ ಅನ್ಯಾಯವಾಗುತ್ತದೆ. ಬೆಳಗ್ಗೆ ತೋಟಕ್ಕೆ ಹೋಗಿ ಸಂಜೆ ಬೀಡಿ ಕಟ್ಟುವ ತಾಯಿಗೆ ಜಾಲತಾಣಗಳ ಹಂತಗಳು ತಿಳಿದಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಆ ಎಂಟನೆಯ ದಿನದ ಪಾಠದ ಬಳಿಕ ನಾವು ಶಾಲೆಯಲ್ಲಿ ಮೂರು ಕ್ರಮಗಳನ್ನು ರೂಢಿಸಿಕೊಂಡೆವು.

ಮೇ ತಿಂಗಳಲ್ಲಿ ಒಂದು ಶನಿವಾರ ಊರಿನ ಪ್ರತಿ ವಾರ್ಡಿನ ಪಟ್ಟಿ ಹಿಡಿದು, ಶಾಲೆಗೆ ಬರಬೇಕಾದ ಮಕ್ಕಳ ಮನೆಗಳಿಗೆ ಹೋಗಿ ಅಥವಾ ಕರೆ ಮಾಡಿ ವಿಚಾರಿಸುತ್ತೇವೆ. ವರ್ಗಾವಣೆ ಪತ್ರ ಆಮೇಲೆ ಬರಲಿ, ಮಗು ಮೊದಲು ಬರಲಿ ಎಂದು ಹೇಳುತ್ತೇವೆ. ಶಾಲೆಯ ಬಾಗಿಲಲ್ಲಿ ಕಪ್ಪುಹಲಗೆಯೊಂದನ್ನಿಟ್ಟು ಆ ತಿಂಗಳ ದಿನಾಂಕಗಳನ್ನು ಕನ್ನಡದಲ್ಲಿ ಬರೆಯುತ್ತೇವೆ; ಕೊನೆಯ ದಿನದ ಪಕ್ಕದಲ್ಲಿ, ಎರಡು ವಾರ ಮೊದಲಿನ 'ನಮ್ಮ ದಿನ'ವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಸುತ್ತೋಲೆ ಬಂದ ದಿನವೇ ಅದರ ಸಾರವನ್ನು ಕನ್ನಡದಲ್ಲಿ ಮಾತನಾಡಿ ಧ್ವನಿಮುದ್ರಿಸಿ ಪೋಷಕರ ವಾಟ್ಸಪ್ ಗುಂಪಿಗೆ ಕಳುಹಿಸುತ್ತೇವೆ. ಓದಲು ಬಿಡುವಿಲ್ಲದವರೂ ಕೇಳಿಸಿಕೊಳ್ಳುತ್ತಾರೆ.

ಮಕ್ಕಳಿಗೂ ಇದನ್ನು ತರಗತಿಯಲ್ಲಿಯೇ ಕಲಿಸಬಹುದು. ಶುಕ್ರವಾರ ಒಪ್ಪಿಸಬೇಕಾದ ಪ್ರಾಜೆಕ್ಟನ್ನು ಸೋಮವಾರ ಯಾವ ಭಾಗ, ಬುಧವಾರ ಯಾವ ಭಾಗ ಎಂದು ಅವರೇ ಬರೆದುಕೊಳ್ಳಲಿ. ತಪ್ಪಿದಾಗ ಗದರಿಸುವ ಬದಲು ಎಲ್ಲಿ ನಿಂತಿತೆಂದು ಕೇಳೋಣ. ತಿದ್ದಿದ ಪುಸ್ತಕಗಳನ್ನು ಹೇಳಿದ ದಿನ ಹಿಂದಿರುಗಿಸದ ಅಧ್ಯಾಪಕರ ಮಾತನ್ನು ಮಕ್ಕಳು ನಂಬುವುದಿಲ್ಲ ಎಂಬುದು ನಮಗೂ ನೆನಪಿರಲಿ. ಹಾಗೆಯೇ ಕನ್ನಡ ಪಠ್ಯಪುಸ್ತಕಗಳು ತಡವಾಗಿ ಬಂದಾಗ, 'ಎಲ್ಲರಿಗೂ ಗಡುವಿದೆ' ಎಂದು ಇಲಾಖೆಗೆ ಹೇಳುವ ಅಧಿಕಾರ, ನಮ್ಮ ಗಡುವನ್ನು ಪಾಲಿಸಿದಾಗ ಇನ್ನಷ್ಟು ಗಟ್ಟಿಯಾಗುತ್ತದೆ.

ಆ ಹುಡುಗಿ ನಮ್ಮಲ್ಲಿಯೇ ಓದಿ ಮುಂದಿನ ಶಾಲೆಗೆ ಹೋದಳು. ಅವಳ ತಂದೆಗೆ ಎಣಿಕೆಯ ವಿಷಯವನ್ನು ನಾವು ಬಹಳ ದಿನ ಹೇಳಲಿಲ್ಲ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಮಾತು ಮೊದಲೇ ಹೇಳಿದ್ದರೆ ಬರುತ್ತಿದ್ದೆನಲ್ಲ ಮಾಸ್ಟ್ರೆ" ಎಂದರು. ಅಂದಿನಿಂದ ಮೇ ತಿಂಗಳ ಆ ಶನಿವಾರ ನಮ್ಮೊಂದಿಗೆ ಮನೆಮನೆಗೆ ಬರುವವರಲ್ಲಿ ಅವರೂ ಒಬ್ಬರು.

ಓದುಗರಲ್ಲಿ ನಮ್ಮ ವಿನಂತಿ ಒಂದೇ. ಈ ವಾರ ಒಂದು ಸಂಜೆ ನಿಮ್ಮ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆಯ ಪ್ರತಿ, ಬ್ಯಾಂಕ್ ಪುಸ್ತಕ ಇವುಗಳನ್ನು ಚಾಪೆಯ ಮೇಲೆ ಸಾಲಾಗಿ ಇಡಿ. ಹೆಸರನ್ನು ಮಗುವಿನಿಂದಲೇ ಅಕ್ಷರ ಅಕ್ಷರವಾಗಿ ಓದಿಸಿ. ಎಲ್ಲಿಯಾದರೂ ಒಂದಕ್ಷರ ಬೇರೆಯಾಗಿ ಕಂಡರೆ ನಾಳೆ ಬೆಳಗ್ಗೆ ಶಾಲೆಗೆ ಬಂದು ತಿಳಿಸಿ.